ಅಟ್ಲಾಂಟಾಗೆ ಹೊಸಬರಾ? ಎಲ್ಲಿ ತಿನ್ನಬೇಕು, ಹೇಗೆ ಕೇಳಬೇಕು

ಅಟ್ಲಾಂಟಾಗೆ ಬಂದ ಕನ್ನಡದವರು ಮೊದಲ ವಾರದಲ್ಲೇ ಕೇಳುವುದು ಒಂದೇ ಪ್ರಶ್ನೆ: ಒಳ್ಳೆ ದೋಸೆ ಎಲ್ಲಿ ಸಿಗುತ್ತೆ? ಉತ್ತರ ಇದೆ, ಕೆಳಗೆ ಹೇಳುತ್ತೇನೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ ಅಂತ ಹೇಳೋದಕ್ಕೇ ಇದನ್ನು ಬರೆಯಲು ಕೂತಿದ್ದು. ವರ್ಷಗಟ್ಟಲೆ ಇಲ್ಲಿದ್ದರೂ ಈ ಊರಿನ ಸ್ವಂತ ಅಡುಗೆಯ ರುಚಿ ನೋಡದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. "ಅಲ್ಲೆಲ್ಲ ಬರೀ ಮಾಂಸ, ನಮಗೇನೂ ಸಿಗಲ್ಲ" ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಜಾರ್ಜಿಯಾದ ಹಳೇ ಅಡುಗೆಮನೆಯಲ್ಲಿ ಇರುವುದು ಬೆಂಡೆಕಾಯಿ, ಅಲಸಂದೆ, ಕಡಲೆಕಾಯಿ, ಗೆಣಸು, ಮೆಕ್ಕೆಜೋಳ, ಸೊಪ್ಪು, ಮಜ್ಜಿಗೆ. ಒಂದಾದರೂ ನಮಗೆ ಹೊಸದಾ? ತೊಂದರೆ ಇರೋದು ತರಕಾರಿಯಲ್ಲಲ್ಲ, ಅದನ್ನು ಬೇಯಿಸುವ ನೀರಿನಲ್ಲಿ ಮತ್ತು ಹುರಿಯುವ ಕೊಬ್ಬಿನಲ್ಲಿ. ಅದನ್ನು ಕೇಳಿ ತಿಳಿದುಕೊಳ್ಳಲು ಕಲಿತರೆ ಸಸ್ಯಾಹಾರಿಗಳೂ ಇಲ್ಲಿ ಚೆನ್ನಾಗಿ ತಿನ್ನಬಹುದು.

ಮೊದಲು ನಮ್ಮ ಊಟದ ವಿಷಯ ಮುಗಿಸಿಬಿಡೋಣ. ನಮ್ಮವರು ಜಾಸ್ತಿ ಇರೋದು ಉತ್ತರದ ಕಡೆ: ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮ್ಮಿಂಗ್, ಸುವಾನಿ. ಅಲ್ಲಿ ದೋಸೆ, ಬಿರಿಯಾನಿ ಅಂಗಡಿಗಳಿಗೆ ಬರವಿಲ್ಲ. ಹೊಸದು ತೆರೆಯುತ್ತೆ, ಹಳೆಯದು ಕೈ ಬದಲಾಗುತ್ತೆ, ರುಚಿಯೂ ಅದರ ಜೊತೆ ಬದಲಾಗುತ್ತೆ. ಹಾಗಾಗಿ ಅಲ್ಲಿನ ಹೆಸರುಗಳನ್ನು ನಾನು ಹೇಳುವುದಿಲ್ಲ. ಅಕ್ಕಪಕ್ಕದವರನ್ನು ಕೇಳಿ, ಈ ತಿಂಗಳು ಯಾವುದು ಚೆನ್ನಾಗಿದೆ ಅಂತ ಅವರೇ ಹೇಳುತ್ತಾರೆ. ನಾನು ಹೇಳುವುದು ಡಿಕೇಟರ್ ಬಗ್ಗೆ. ಅಲ್ಲಿ ಪಟೇಲ್ ಪ್ಲಾಜಾ ಅಂತ ಕರೆಯುವ ಜಾಗ ಇದೆ. ಪಟೇಲ್ ಬ್ರದರ್ಸ್ ಅಂಗಡಿ, ಸಿಹಿತಿಂಡಿ ಅಂಗಡಿ, ಸೀರೆ ಅಂಗಡಿ, ಹುಬ್ಬು ತೀಡುವ ಪಾರ್ಲರ್, ಎಲ್ಲಾ ಒಂದೇ ಕಡೆ. ಚಾಟ್ ಬೇಕಾದರೆ ಚಾಟ್ ಪಟ್ಟಿ, ಪೂರ್ತಿ ಸಸ್ಯಾಹಾರಿ. ದಕ್ಷಿಣ ಭಾರತದ ತಿಂಡಿಗೆ ಮದ್ರಾಸ್ ಮಂತ್ರ, ಅದೂ ಸಸ್ಯಾಹಾರಿಯೇ. ಆದರೆ ಹೆಸರೇ ಹೇಳುವ ಹಾಗೆ ಅದು ತಮಿಳುನಾಡಿನ ಕೈ. ಬೆಲ್ಲ ಹಾಕಿದ ಉಡುಪಿ ಸಾಂಬಾರು, ಕೆಂಪು ಚಟ್ನಿ ಸವರಿದ ಬೆಂಗಳೂರಿನ ಬೆಣ್ಣೆ ಮಸಾಲೆ ಅಲ್ಲಿ ಹುಡುಕಬೇಡಿ. ಮಾಂಸ ತಿನ್ನುವವರು ಹತ್ತಿರದಲ್ಲೇ ಇರುವ ಜಾಯ್ಕಾಗೆ ಹೋಗಿ, ಹೈದರಾಬಾದಿ ಅಡುಗೆ, ಚಿಕನ್ 65ಕ್ಕೆ ಹೆಸರುವಾಸಿ. ಕೌಂಟರಿನಲ್ಲಿ ಹೇಳಿ, ದುಡ್ಡು ಕೊಟ್ಟು, ನಂಬರ್ ಕೂಗುವವರೆಗೆ ಕಾಯಬೇಕು.

ಬಿಸಿಬೇಳೆಬಾತ್, ಮುದ್ದೆ ಸಾರು, ಹೋಳಿಗೆ, ಚಿರೋಟಿ, ಇವೆಲ್ಲ ಹೋಟೆಲಿನಲ್ಲಿ ಸಿಗುತ್ತೆ ಅಂತ ಕಾಯಬೇಡಿ. ಇಲ್ಲಿನ ನೃಪತುಂಗ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಬನ್ನಿ. ಹಬ್ಬದ ಊಟಕ್ಕೆ ಕೂರುವ ಸಾಲಿನಲ್ಲೇ ಮನೆಯಿಂದ ಅಡುಗೆ ಮಾಡಿಕೊಡುವವರ ಪರಿಚಯವೂ ಆಗುತ್ತೆ. ಯುಗಾದಿ ಹೋಳಿಗೆ ಬೇಕಿದ್ದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಹೇಳಿಡಿ, ಹಿಂದಿನ ದಿನ ಫೋನ್ ಮಾಡಿದರೆ ಯಾರ ಹತ್ತಿರವೂ ಉಳಿದಿರುವುದಿಲ್ಲ.

ಇನ್ನು ಈ ಊರಿನ ಊಟ.

ಶುರು ಮಾಡಲು ವಾಫಲ್ ಹೌಸ್‌ಗಿಂತ ಸುಲಭದ ಜಾಗ ಇಲ್ಲ. ಹಳದಿ ಬೋರ್ಡು, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ, ಹೆದ್ದಾರಿಯ ಪ್ರತಿ ತಿರುವಿನಲ್ಲೂ ಕಾಣುತ್ತೆ. 1955ರಲ್ಲಿ ಡಿಕೇಟರ್ ಪಕ್ಕದ ಎವಂಡೇಲ್ ಎಸ್ಟೇಟ್ಸ್‌ನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ತೆರೆದಿರುತ್ತೆ. ರಾತ್ರಿ ಎರಡಕ್ಕೆ ವಿಮಾನ ಇಳಿದು ಹಸಿದವರಿಗೂ, ಪರೀಕ್ಷೆಗೆ ಓದಿ ಸುಸ್ತಾದ ಜಾರ್ಜಿಯಾ ಟೆಕ್ ಮಕ್ಕಳಿಗೂ ಇದೇ ಗತಿ, ಒಳ್ಳೆಯ ಗತಿಯೇ. ಕೌಂಟರಿನ ಎತ್ತರದ ಸ್ಟೂಲ್ ಮೇಲೆ ಕೂರಿ, ಎದುರಿಗೇ ಕಾವಲಿ ಕಾಣುತ್ತೆ. ತುರಿದ ಆಲೂಗಡ್ಡೆಯನ್ನು ಕಾವಲಿಯ ಮೇಲೆ ಹರಡಿ, ತಳ ಕೆಂಪಗಾಗುವವರೆಗೆ ಮುಟ್ಟದೆ ಬಿಟ್ಟು, ಒಂದೇ ಏಟಿಗೆ ಮಗುಚಿ ಹಾಕುತ್ತಾರೆ. ಅದಕ್ಕೆ ಹ್ಯಾಶ್‌ಬ್ರೌನ್ ಅಂತ ಹೆಸರು. ಮೇಲೆ ಏನು ಬೇಕು ಅನ್ನೋದಕ್ಕೆ ಅವರದೇ ಪದಗಳಿವೆ: ಈರುಳ್ಳಿಗೆ ಸ್ಮದರ್ಡ್, ಚೀಸ್‌ಗೆ ಕವರ್ಡ್, ಟೊಮ್ಯಾಟೊಗೆ ಡೈಸ್ಡ್, ಹಸಿಮೆಣಸಿನಕಾಯಿಗೆ ಪೆಪರ್ಡ್, ಅಣಬೆಗೆ ಕ್ಯಾಪ್ಡ್. ಚಂಕ್ಡ್ ಅಂದರೆ ಹಂದಿ ಮಾಂಸ ಬರುತ್ತೆ, ಟಾಪ್ಡ್ ಅಂದರೆ ಚಿಲ್ಲಿ ಅನ್ನುವ ಮಾಂಸದ ಗೊಜ್ಜು, ಕಂಟ್ರಿ ಅಂದರೆ ಸಾಸೇಜ್ ಗ್ರೇವಿ, ಈ ಮೂರನ್ನು ಸಸ್ಯಾಹಾರಿಗಳು ಬಿಡಬೇಕು. ಇನ್ನೊಂದು ವಿಷಯ. ಆ ಕಾವಲಿಯ ಮೇಲೆಯೇ ಬೇಕನ್ ಅನ್ನುವ ಹಂದಿ ಮಾಂಸವೂ ಬೇಯುತ್ತೆ. ಅದು ಆಗುವುದಿಲ್ಲ ಅನ್ನುವವರು ವಾಫಲ್ ತಗೊಳ್ಳಿ, ಅದರ ಅಚ್ಚು ಬೇರೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತೆ, ಅದು ನೆನಪಿರಲಿ.

ಗ್ರಿಟ್ಸ್ ಅಂತ ಇನ್ನೊಂದಿದೆ. ಮೆಕ್ಕೆಜೋಳದ ರವೆಯನ್ನು ನೀರಿನಲ್ಲೋ ಹಾಲಿನಲ್ಲೋ ಗಂಜಿಗಿಂತ ಗಟ್ಟಿಯಾಗಿ ಬೇಯಿಸಿದ್ದು. ಹಾಗೇ ತಿಂದರೆ ಸಪ್ಪೆ. ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಹಾಕಿಕೊಂಡು, ಮೇಜಿನ ಮೇಲಿರುವ ಹಾಟ್ ಸಾಸ್ ನಾಲ್ಕು ತೊಟ್ಟು ಬಿಟ್ಟುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಹಲ್ಲಿಗೂ ಹೊಟ್ಟೆಗೂ ಹಿತವಾದ ತಿಂಡಿ ಇದು. ಮನೆಗೂ ಒಂದು ಪ್ಯಾಕೆಟ್ ತನ್ನಿ, ಸಾಸಿವೆ, ಕರಿಬೇವಿನ ಒಗ್ಗರಣೆಗೆ ಚೆನ್ನಾಗಿ ಹೊಂದುತ್ತೆ.

ವಾರ್ಸಿಟಿಗೂ ಒಂದು ಸಲ ಹೋಗಿ. 1928ರಿಂದ ಇದೆ, ಜಾರ್ಜಿಯಾ ಟೆಕ್ ಪಕ್ಕದಲ್ಲೇ, ಮಾರ್ಟಾ ರೈಲಿನ ನಾರ್ತ್ ಅವೆನ್ಯೂ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಕೌಂಟರ್ ಮುಂದೆ ನಿಂತ ಕೂಡಲೇ "ವಾಟ್ಲ್ ಯಾ ಹ್ಯಾವ್?" ಅಂತ ಜೋರಾಗಿ ಕೇಳುತ್ತಾರೆ. ಗದರಿಸುತ್ತಿಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಏನು ಬೇಕು ಅಂತ ಸಾಲಿನಲ್ಲೇ ನಿರ್ಧರಿಸಿಕೊಂಡಿರಿ. ಅಲ್ಲಿನ ಚಿಲ್ಲಿ ಡಾಗ್‌ನಲ್ಲಿ ದನದ ಮಾಂಸ ಇರುತ್ತೆ. ಬೇಡ ಅನ್ನುವವರಿಗೆ ಈರುಳ್ಳಿ ರಿಂಗ್ ಮತ್ತು ಫ್ರಾಸ್ಟೆಡ್ ಆರೆಂಜ್ ಅನ್ನುವ ತಣ್ಣನೆಯ ಕಿತ್ತಳೆ ಪಾನೀಯ ಸಾಕು. ನಿಜ ಹೇಳಬೇಕೆಂದರೆ ರುಚಿಗಿಂತ ಊರಿನ ನೆನಪಿಗಾಗಿ ಹೋಗುವ ಜಾಗ ಅದು.

ದನದ ಮಾಂಸದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕೋಳಿ, ಮೀನು, ಕುರಿ ತಿಂದರೂ ದನ, ಹಂದಿ ಬೇಡ ಅನ್ನುವವರು ನಮ್ಮಲ್ಲಿ ಬಹಳ. ಬಾರ್ಬೆಕ್ಯೂ ಅಂಗಡಿಯಲ್ಲಿ ಬ್ರಿಸ್ಕೆಟ್ ಅಂದರೆ ದನ. ಪುಲ್ಡ್ ಪೋರ್ಕ್ ಹಂದಿ, ರಿಬ್ಸ್ ಕೂಡ ಹೆಚ್ಚಾಗಿ ಹಂದಿಯದೇ. ಹೊಗೆಯಲ್ಲಿ ಬೇಯಿಸಿದ ಕೋಳಿ ಎಲ್ಲಾ ಕಡೆ ಸಿಗುತ್ತೆ, ಅದನ್ನು ಕೇಳಿ. ಅಲ್ಲಿನ ಬೀನ್ಸ್‌ನಲ್ಲಿ ಮಾತ್ರ ಮಾಂಸದ ಚೂರು ಇದ್ದೇ ಇರುತ್ತೆ ಅಂತಲೇ ಇಟ್ಟುಕೊಳ್ಳಿ. ಕೋಳಿ ತಿನ್ನುವವರು ಲೆಮನ್ ಪೆಪರ್ ವಿಂಗ್ಸ್ ಬಿಡಬೇಡಿ. ಅಟ್ಲಾಂಟಾದವರು ಅದು ತಮ್ಮದು ಅಂತ ಹೆಮ್ಮೆ ಪಡುತ್ತಾರೆ. ವೆಟ್ ಅಂತ ಕೇಳಿದರೆ ಬೆಣ್ಣೆಯ ಸಾಸಿನಲ್ಲಿ ಹೊರಳಿಸಿ ಕೊಡುತ್ತಾರೆ, ಹುಳಿ, ಖಾರ ಎರಡೂ ನಮ್ಮ ನಾಲಿಗೆಗೆ ಸರಿಹೋಗುತ್ತೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಬೆಂಡೆಕಾಯಿಯೂ ಅಲಸಂದೆಯೂ ಈ ಮಣ್ಣಿನವಲ್ಲ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರ ಜೊತೆಗೆ ಬಂದವು. ಅವರ ಕೈಯಲ್ಲೇ ಅಮೆರಿಕದ ದಕ್ಷಿಣ ರಾಜ್ಯಗಳ ಈ ಅಡುಗೆ ಬೆಳೆದದ್ದು. ಸೌತ್ ವೆಸ್ಟ್ ಅಟ್ಲಾಂಟಾ ಕಡೆ ನಮ್ಮವರು ಹೋಗುವುದೇ ಕಡಿಮೆ, ಹಾಗೆ ಮಾಡಬೇಡಿ. ಬಿಜಿ ಬೀ ಕೆಫೆ 1947ರಲ್ಲಿ ಲೂಸಿ ಜಾಕ್ಸನ್ ಎಂಬ ಹೆಂಗಸು ಶುರು ಮಾಡಿದ ಚಿಕ್ಕ ಜಾಗ. 2022ರಲ್ಲಿ, ಅಮೆರಿಕದ ಹೋಟೆಲು, ಅಡುಗೆಯವರಿಗೆ ಪ್ರಶಸ್ತಿ ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಅದಕ್ಕೆ ಅಮೆರಿಕಾಸ್ ಕ್ಲಾಸಿಕ್ಸ್ ಪ್ರಶಸ್ತಿ ಕೊಟ್ಟಿತು. ಕೋಳಿ ತಿನ್ನುವವರಾದರೆ ಈ ಊರಿನಲ್ಲಿ ಮೊದಲು ಅಲ್ಲಿ ಫ್ರೈಡ್ ಚಿಕನ್ ತಿನ್ನಿ, ಆಮೇಲೆ ಬೇರೆ ಕಡೆ. ಅದೇ 1947ರಲ್ಲಿ ಜೇಮ್ಸ್ ಮತ್ತು ರಾಬರ್ಟ್ ಪ್ಯಾಸ್ಕಲ್ ಎಂಬ ಅಣ್ಣತಮ್ಮಂದಿರು ಪ್ಯಾಸ್ಕಲ್ಸ್ ತೆರೆದರು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಜೊತೆಯವರು ಕೂತು ಕರಿಯರ ನಾಗರಿಕ ಹಕ್ಕುಗಳ ಚಳವಳಿಯ ಯೋಜನೆ ಮಾಡುತ್ತಿದ್ದ ಹೋಟೆಲ್ ಅದು. ಪ್ರತಿಭಟನೆ ಮಾಡಿ ಜೈಲಿಗೆ ಹೋದ ಹುಡುಗ ಹುಡುಗಿಯರು ಬಿಡುಗಡೆಯಾಗಿ ಬಂದಾಗ ಅಲ್ಲಿ ಬಿಟ್ಟಿಯಾಗಿ ಊಟ ಹಾಕುತ್ತಿದ್ದರು. ಈಗ ಅದು ನಾರ್ತ್‌ಸೈಡ್ ಡ್ರೈವ್‌ನಲ್ಲಿ ದೊಡ್ಡ ಕಟ್ಟಡದಲ್ಲಿದೆ, ಕುಟುಂಬದ ಜೊತೆ ಕೂರಲು ಜಾಗ ಚೆನ್ನಾಗಿದೆ.

ಊರಿಂದ ಯಾರಾದರೂ ಬಂದರೆ ಆಬರ್ನ್ ಅವೆನ್ಯೂದಲ್ಲಿ ಕಿಂಗ್ ಹುಟ್ಟಿದ ಮನೆ, ಅಲ್ಲಿರುವ ಗಾಂಧಿ ಪ್ರತಿಮೆ ತೋರಿಸಲು ಎಲ್ಲರೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಹತ್ತಿರದಲ್ಲೇ ಎಡ್ಜ್‌ವುಡ್ ಅವೆನ್ಯೂ ಮೇಲೆ ಸ್ವೀಟ್ ಆಬರ್ನ್ ಕರ್ಬ್ ಮಾರ್ಕೆಟ್ ಇದೆ. 1924ರ ಕಟ್ಟಡ. ಆಗ ಒಳಗೆ ವ್ಯಾಪಾರ ಬಿಳಿಯರಿಗೆ ಮಾತ್ರ, ಕರಿಯರು ಹೊರಗೆ ಫುಟ್‌ಪಾತ್ ಅಂಚಿನಲ್ಲಿ ಕೂತು ಮಾರಬೇಕಿತ್ತು. ಆ ಅಂಚಿನ (ಕರ್ಬ್) ಹೆಸರೇ ಮಾರ್ಕೆಟ್‌ಗೆ ಉಳಿದಿದೆ. ಮಧ್ಯಾಹ್ನದ ಊಟಕ್ಕೆ ಅಲ್ಲೇ ಹೋಗಿ, ಬೇರೆ ಬೇರೆ ಅಂಗಡಿಗಳಿವೆ, ಒಬ್ಬೊಬ್ಬರು ಒಂದೊಂದು ತಗೊಂಡು ಒಂದೇ ಮೇಜಿನಲ್ಲಿ ಕೂರಬಹುದು.

ಸಸ್ಯಾಹಾರಿಗಳು ಇಂಥ ಹಳೇ ಕಡೆಗಳಲ್ಲಿ ಏನು ಮಾಡಬೇಕು? ಪಾನ್ಸ್ ಡಿ ಲಿಯಾನ್ ಅವೆನ್ಯೂದಲ್ಲಿರುವ ಮೇರಿ ಮ್ಯಾಕ್ಸ್ ಟೀ ರೂಮ್ ನೋಡಿ. 1945ರ ಹೋಟೆಲ್. ಮೊದಲ ಸಲ ಬಂದಿದ್ದೇವೆ ಅಂತ ಹೇಳಿದರೆ ಪಾಟ್ ಲಿಕ್ಕರ್ ಅಂತ ಒಂದು ಪುಟ್ಟ ಬಟ್ಟಲು ತಂದಿಡುತ್ತಾರೆ, ಜೊತೆಗೆ ಮೆಕ್ಕೆಜೋಳದ ಬ್ರೆಡ್. ಅದು ಮದ್ಯ ಅಲ್ಲ, ಸೊಪ್ಪು ಬೇಯಿಸಿ ಬಸಿದ ಕಟ್ಟು. ನೋಡಿದರೆ ಆಸೆಯಾಗುತ್ತೆ, ಆದರೆ ಸಾಂಪ್ರದಾಯಿಕವಾಗಿ ಆ ಸೊಪ್ಪನ್ನು ಹಂದಿ ಮಾಂಸದ ಜೊತೆಗೇ ಬೇಯಿಸುವುದು. ಕಾಲರ್ಡ್ ಸೊಪ್ಪು, ಹುರುಳಿಕಾಯಿ, ಅಲಸಂದೆ, ಈ ಮೂರಕ್ಕೂ ದಕ್ಷಿಣದ ಎಲ್ಲಾ ಕಡೆ ಇದೇ ಕಥೆ. ಮೆನುವಿನಲ್ಲಿ ವೆಜಿಟೇಬಲ್ಸ್ ಅಂತ ಬರೆದಿದ್ದರೆ ಅದು ಸಸ್ಯಾಹಾರ ಅಂತ ಅರ್ಥ ಅಲ್ಲ. "ನಾನು ವೆಜಿಟೇರಿಯನ್" ಅಂದರೆ ಸಾಲದು. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಸಾಕು ಅಂತ ಎಷ್ಟೋ ಸರ್ವರ್‌ಗಳು ಅಂದುಕೊಂಡಿರುತ್ತಾರೆ. ಹೀಗೆ ಕೇಳಿ: "ಈಸ್ ದಿಸ್ ಕುಕ್ಡ್ ವಿತ್ ಎನಿ ಮೀಟ್, ಬ್ರಾತ್ ಆರ್ ಲಾರ್ಡ್?" ಮಾಂಸ, ಮಾಂಸದ ಸಾರು, ಹಂದಿ ಕೊಬ್ಬು, ಮೂರೂ ಒಂದೇ ಪ್ರಶ್ನೆಯಲ್ಲಿ ಬಂತು. ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ, ಬೇಸರ ಮಾಡಿಕೊಳ್ಳುವುದಿಲ್ಲ. ಸಂಕೋಚ ಬೇಡ. ಈ ಊರಿನವರು ಊಟದ ವಿಷಯದಲ್ಲಿ ಧಾರಾಳ ಮನಸ್ಸಿನವರು, ನೀವು ಆಸೆಯಿಂದ ಕೇಳುತ್ತಿದ್ದೀರಿ ಅಂತ ಗೊತ್ತಾದರೆ ಎಲ್ಲ ಬಿಡಿಸಿ ಹೇಳುತ್ತಾರೆ. ಸಾಮಾನ್ಯವಾಗಿ ಉಳಿಯುವುದು ಹುರಿದ ಬೆಂಡೆಕಾಯಿ, ಗೆಣಸಿನ ಸೂಫ್ಲೆ, ಮ್ಯಾಕ್ ಅಂಡ್ ಚೀಸ್, ಹಸಿರು ಟೊಮ್ಯಾಟೊ ಕಾಯಿಯ ಫ್ರೈ, ಜೋಳದ ಬ್ರೆಡ್. ಸೂಫ್ಲೆಯಲ್ಲೂ ಬ್ರೆಡ್‌ನಲ್ಲೂ ಮೊಟ್ಟೆ ಇರಬಹುದು, ಹುರಿದದ್ದಕ್ಕೆ ಕೋಳಿ ಕರಿದ ಎಣ್ಣೆಯನ್ನೇ ಬಳಸುತ್ತಾರಾ ಅಂತಲೂ ಕೇಳಬೇಕು. ನಾಲ್ಕು ತರಕಾರಿ ಆರಿಸಿಕೊಂಡರೆ ತಟ್ಟೆ ತುಂಬುತ್ತೆ. ಕೊನೆಗೆ ಸಿಹಿಗೆ ಪೀಚ್ ಕಾಬ್ಲರ್. ಕುಡಿಯಲು ಸ್ವೀಟ್ ಟೀ ತರುತ್ತಾರೆ, ತುಂಬಾ ಸಿಹಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಅನ್‌ಸ್ವೀಟ್ ಅಂತ ಮೊದಲೇ ಹೇಳಿ.

ಬಫೋರ್ಡ್ ಹೈವೇಗೆ ಒಂದು ಇಡೀ ದಿನ ಇಡಿ. ಬ್ರೂಕ್‌ಹೇವನ್, ಚಾಂಬ್ಲಿ, ಡೊರಾವಿಲ್ ಮೂಲಕ ಹೋಗುವ ರಸ್ತೆ. ವಿಯೆಟ್ನಾಂ, ಕೊರಿಯಾ, ಚೀನಾ, ಮೆಕ್ಸಿಕೊ, ಮಧ್ಯ ಅಮೆರಿಕ, ಎಲ್ಲರ ಅಡುಗೆಯೂ ಅಕ್ಕಪಕ್ಕದ ಅಂಗಡಿಗಳಲ್ಲಿ. ಹೊರಗಿನ ಬಣ್ಣ ಮಾಸಿದ ಬೋರ್ಡು ನೋಡಿ ಹಿಂದೆ ಸರಿಯಬೇಡಿ, ಈ ಊರಿನ ಅತಿ ಒಳ್ಳೆಯ ಊಟ ಕೆಲವು ಅಲ್ಲೇ ಇದೆ. ಲೀಸ್ ಬೇಕರಿಯಲ್ಲಿ ವಿಯೆಟ್ನಾಂ ಸ್ಯಾಂಡ್‌ವಿಚ್, ಬಾನ್ ಮಿ, ತೋಫು ಹಾಕಿದ್ದು ಕೇಳಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮೀನಿನ ಸಾಸ್ ಇದೆಯಾ? ವಿಯೆಟ್ನಾಂ, ಥಾಯ್ ಅಡುಗೆಯಲ್ಲಿ ತರಕಾರಿಗೂ ಅದು ಬೀಳುತ್ತೆ, ಕೊರಿಯಾದ ಕಿಮ್ಚಿಯಲ್ಲೂ ಇರುತ್ತೆ. ಮೆಕ್ಸಿಕೊ ಅಂಗಡಿಯಲ್ಲಿ ಕಾಳಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕಿರಬಹುದು. ಬಫೋರ್ಡ್ ಹೈವೇ ಫಾರ್ಮರ್ಸ್ ಮಾರ್ಕೆಟ್‌ನಿಂದ ಬಾಳೆಕಾಯಿ, ತೆಂಗಿನಕಾಯಿ, ಥರಾವರಿ ಸೊಪ್ಪು ತನ್ನಿ. ಒಂದು ಎಚ್ಚರಿಕೆ. ರಸ್ತೆ ಕೆಲವು ಕಡೆ ಏಳು ಲೇನ್ ಅಗಲ ಇದೆ, ಸಿಗ್ನಲ್‌ಗಳು ದೂರ ದೂರ. ಎದುರಿನ ಅಂಗಡಿಗೆ ಹೋಗಲು ಮಧ್ಯದಲ್ಲಿ ದಾಟಬೇಡಿ. ಅಲ್ಲಿ ಜೀವ ಹೋಗಿದೆ. ಕಾರಿದ್ದರೆ ಕಾರಿನಲ್ಲೇ ಆಚೆಗೆ ಹೋಗಿ, ಇಲ್ಲದಿದ್ದರೆ ಸಿಗ್ನಲ್‌ವರೆಗೆ ನಡೆಯಿರಿ.

ಶುದ್ಧ ಸಸ್ಯಾಹಾರಿಗಳಿಗೆ, ಮೊಟ್ಟೆಯೂ ಬೇಡ ಅನ್ನುವ ಅಜ್ಜಿ ತಾತಂದಿರಿಗೆ, ಭಾರತದ ಹೋಟೆಲ್ ಬಿಟ್ಟರೆ ಅತಿ ನಿಶ್ಚಿಂತೆಯ ಊಟ ಇಥಿಯೋಪಿಯಾದ್ದು. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳ ದಿನ ವ್ರತ, ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಹಾಗಾಗಿ ಬರೀ ಎಣ್ಣೆಯಲ್ಲಿ ಮಾಡುವ ಬೇಳೆ, ಸೊಪ್ಪು, ಕೋಸಿನ ಪಲ್ಯಗಳ ದೊಡ್ಡ ಸಂಪ್ರದಾಯವೇ ಅವರಲ್ಲಿದೆ. ಬ್ರೈಯರ್‌ಕ್ಲಿಫ್ ರಸ್ತೆಯ ಡೆಸ್ಟಾಗೆ ಹೋಗಿ ವೆಜಿ ತಟ್ಟೆ ಹೇಳಿ. ಹುದುಗು ಬರಿಸಿದ ಟೆಫ್ ಹಿಟ್ಟಿನ ಇಂಜೆರಾ ನಮ್ಮ ಸೆಟ್ ದೋಸೆಯ ಹಾಗೆ ಮೈತುಂಬ ತೂತು, ಸ್ವಲ್ಪ ಹುಳಿ. ಅದನ್ನು ಮುರಿದು ಪಲ್ಯ ಅದ್ದಿಕೊಂಡು ಬಲಗೈಯಲ್ಲಿ ತಿನ್ನುವುದು. ಫೋರ್ಕ್ ಹಿಡಿಯಲು ಬೇಸರಪಡುವ ನಮ್ಮ ಹಿರಿಯರು ಅಲ್ಲಿ ಆರಾಮಾಗಿ ಕೂತು ಉಂಡದ್ದನ್ನು ನೋಡುವುದೇ ಒಂದು ಖುಷಿ. ಬೆರ್ಬೆರೆ ಅನ್ನುವ ಮಸಾಲೆ ಪುಡಿ ಹಾಕಿದ ಬೇಳೆಯ ಖಾರ ನಿಜವಾದ ಖಾರ.

ಹಾಗೇ ಯುವರ್ ಡಿಕಾಲ್ಬ್ ಫಾರ್ಮರ್ಸ್ ಮಾರ್ಕೆಟ್. 1977ರಿಂದ ಇದೆ. ಬೇರೆ ಬೇರೆ ದೇಶದವರು ಕೆಲಸ ಮಾಡುತ್ತಾರೆ, ಯಾರಿಗೆ ಯಾವ ಭಾಷೆ ಬರುತ್ತೆ ಅಂತ ಅವರ ಬ್ಯಾಡ್ಜ್ ಮೇಲೆ ಬರೆದಿರುತ್ತೆ. ಒಳಗಿನ ಕ್ಯಾಂಟೀನಿನಲ್ಲಿ ಊಟ ತೂಕದ ಲೆಕ್ಕ. ಫೋಟೊ ತೆಗೆಯುವ ಹಾಗಿಲ್ಲ. ಸ್ವೆಟರ್ ತಗೊಂಡು ಹೋಗಿ, ಒಳಗೆ ತುಂಬಾ ಚಳಿ.

ಬೇಸಿಗೆಯಲ್ಲಿ ಅಥವಾ ಸೇಬಿನ ಕಾಲದಲ್ಲಿ ಉತ್ತರದ ಬೆಟ್ಟಗಳ ಕಡೆ, ಎಲಿಜೆ, ಬ್ಲೂ ರಿಜ್ ಕಡೆ ಹೋಗುವವರು ರಸ್ತೆ ಬದಿಯ ಬಾಯ್ಲ್ಡ್ ಪೀನಟ್ಸ್ ಬೋರ್ಡಿಗೆ ಗಾಡಿ ನಿಲ್ಲಿಸಿ. ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯುವ ರಾಜ್ಯ ಇದು. ಸಿಪ್ಪೆ ಸಮೇತ ಉಪ್ಪು ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ, ಒತ್ತಿದರೆ ಬಾಯಿಗೆ ಬಿಸಿ ಉಪ್ಪು ನೀರು ಚಿಮ್ಮುತ್ತೆ. ಕೇಜನ್ ಅಂದರೆ ಖಾರದ್ದು, ಅದಕ್ಕೆ ಏನು ಹಾಕಿದ್ದಾರೆ ಅಂತ ಕೇಳಿ, ಬರೀ ಉಪ್ಪಿನದು ನಿರಾತಂಕ.

ಸ್ವಲ್ಪ ಮೇಲಿನ ದರ್ಜೆಗೆ ಬರೋಣ. ಅಮೆರಿಕದ ಸಹೋದ್ಯೋಗಿಯನ್ನೋ ಮಗಳ ರೂಮ್‌ಮೇಟನ್ನೋ ನಮ್ಮ ಊಟಕ್ಕೆ ಕರೆದುಕೊಂಡು ಹೋಗಬೇಕಾದರೆ ಡಿಕೇಟರ್ ಊರ ನಡುವಿನ ಚಾಯ್ ಪಾನಿ. ಮೆಹರ್ವಾನ್ ಇರಾನಿ ಅವರು ಮೊದಲು ತೆರೆದದ್ದು ನಾರ್ತ್ ಕೆರೊಲೈನಾದ ಆಶ್‌ವಿಲ್‌ನಲ್ಲಿ. ಆ ಹೋಟೆಲಿಗೆ 2022ರಲ್ಲಿ ಇಡೀ ದೇಶದ ಶ್ರೇಷ್ಠ ರೆಸ್ಟೋರೆಂಟ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಸಣ್ಣಗೆ ಉದ್ದುದ್ದ ಸೀಳಿ ಗರಿಗರಿ ಕರಿದು ನಿಂಬೆ ಹಿಂಡಿದ ಬೆಂಡೆಕಾಯಿ ಅಲ್ಲಿನ ಹೆಸರಾಂತ ತಿಂಡಿ. ನಮ್ಮ ಬೆಂಡೆಕಾಯಿಯೂ ದಕ್ಷಿಣದವರ ಬೆಂಡೆಕಾಯಿಯೂ ಒಂದೇ ತಟ್ಟೆಗೆ ಬಂದಿರೋದು ನನಗೆ ತುಂಬಾ ಇಷ್ಟ. ಡಿಕೇಟರ್ ಮಾರ್ಟಾ ಸ್ಟೇಷನ್‌ನಿಂದ ನಡೆಯುವ ದೂರ, ಕಾರಿಲ್ಲದ ವಿದ್ಯಾರ್ಥಿಗಳಿಗೂ ಅನುಕೂಲ.

ದೊಡ್ಡ ಹೋಟೆಲುಗಳಿಗೆ ನಾವು ಹೋಗುವುದು ಕಡಿಮೆ. ದುಡ್ಡಿನ ಯೋಚನೆ ಸರಿ, ಆದರೆ "ಅಲ್ಲಿ ನಮಗೇನು ಸಿಗುತ್ತೆ" ಅನ್ನುವ ಯೋಚನೆ ತಪ್ಪು. ನನ್ನ ಅನುಭವದಲ್ಲಿ ಸಸ್ಯಾಹಾರಿಗಳಿಗೆ ಬೆಲೆ ಏರಿದಷ್ಟೂ ದಾರಿ ಸುಲಭ. ಕಮ್ಮಿ ಬೆಲೆಯ ಕಡೆ ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆಯೇ ಎಲ್ಲಾ ಬೆಂದು ಮುಗಿದಿರುತ್ತೆ, ಬದಲಾಯಿಸಲು ಆಗುವುದಿಲ್ಲ. ದೊಡ್ಡ ಕಡೆ ಪ್ರತಿ ತಟ್ಟೆಯನ್ನೂ ಆಗಲೇ ಮಾಡುತ್ತಾರೆ. ವೆಸ್ಟ್ ಮಿಡ್‌ಟೌನ್‌ನ ಮಿಲ್ಲರ್ ಯೂನಿಯನ್ ನನ್ನ ಮೊದಲ ಆಯ್ಕೆ. ಅಲ್ಲಿನ ಸ್ಟೀವನ್ ಸ್ಯಾಟರ್‌ಫೀಲ್ಡ್ ತರಕಾರಿಗೆ ಮರ್ಯಾದೆ ಕೊಡುವ ಅಡುಗೆಯವರು, 2017ರಲ್ಲಿ ಅವರಿಗೂ ಬಿಯರ್ಡ್ ಪ್ರಶಸ್ತಿ ಬಂದಿದೆ. ಆಯಾ ಕಾಲಕ್ಕೆ ಸುತ್ತಲ ತೋಟಗಳಿಂದ ಬಂದ ತರಕಾರಿಗಳ ತಟ್ಟೆ ಕೇಳಿ. ಮದುವೆ ವಾರ್ಷಿಕೋತ್ಸವದಂಥ ದಿನಕ್ಕೆ ಬ್ಯಾಕನೇಲಿಯಾ ಇದೆ, 1993ರಿಂದ ನಡೆಯುತ್ತಿದೆ, ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ 2023ರಲ್ಲಿ ಮೊದಲ ಸಲ ಅಟ್ಲಾಂಟಾಗೆ ಬಂದಾಗಲೇ ಒಂದು ಸ್ಟಾರ್ ಪಡೆದದ್ದು. ಒಬ್ಬರಿಗೆ 100 ಡಾಲರ್ ದಾಟುತ್ತೆ. ಇಂಥ ಕಡೆ ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಬರೆಯಿರಿ, ಎರಡು ದಿನ ಮುಂಚೆ ಫೋನ್ ಮಾಡಿ ಮತ್ತೆ ಹೇಳಿ, ಮೊಟ್ಟೆ, ಮಾಂಸದ ಸಾರು, ಜೆಲಾಟಿನ್ ಬಗ್ಗೆಯೂ ಬಿಡಿಸಿ ಹೇಳಿ. ಸಮಯ ಸಿಕ್ಕರೆ ಒಳ್ಳೆಯ ಅಡುಗೆಯವರು ನಿಮಗಾಗಿ ಯೋಚಿಸಿ ಮಾಡುತ್ತಾರೆ. ಮೇಜಿನ ಮುಂದೆ ಕೂತ ಮೇಲೆ ಹೇಳಿದರೆ ಬರೀ ಸಲಾಡ್ ಬರುವ ಸಾಧ್ಯತೆ ಜಾಸ್ತಿ.

ಬಿಲ್ಲಿನ ಲೆಕ್ಕ. ಅಟ್ಲಾಂಟಾ ನಗರದೊಳಗೆ ತೆರಿಗೆ 8.9%. ಕೂತು ಉಣ್ಣುವ ಕಡೆ ಟಿಪ್ 18ರಿಂದ 20%. ಮೆನುವಿನಲ್ಲಿ 50 ಡಾಲರ್ ಆದರೆ ತೆರಿಗೆ 4.45, ಟಿಪ್ 10, ಒಟ್ಟು 64.45. ಮೊದಲೇ ಇಷ್ಟು ಅಂತ ಇಟ್ಟುಕೊಂಡು ಆರ್ಡರ್ ಮಾಡಿ. ಟಿಪ್ ಬಿಡುವುದು ಬೇಡ, ದಯವಿಟ್ಟು. ಇಲ್ಲಿ ಟಿಪ್ ಪಡೆಯುವ ಸರ್ವರ್‌ಗೆ ಮಾಲೀಕರು ಗಂಟೆಗೆ 2.13 ಡಾಲರ್ ಮಾತ್ರ ಕೊಟ್ಟರೂ ಕಾನೂನು ಒಪ್ಪುತ್ತೆ, ಉಳಿದದ್ದು ನಮ್ಮ ಟಿಪ್‌ನಿಂದಲೇ ಅವರ ಮನೆಗೆ ಹೋಗುವುದು. ದೊಡ್ಡ ಗುಂಪಾದರೆ ಬಿಲ್ಲಿನಲ್ಲೇ ಗ್ರ್ಯಾಚುಯಿಟಿ ಅಂತ ಟಿಪ್ ಸೇರಿಸಿರಬಹುದು, ನೋಡಿ, ಇದ್ದರೆ ಮತ್ತೆ ಹಾಕಬೇಕಿಲ್ಲ. ಮಿಡ್‌ಟೌನ್, ಬಕ್‌ಹೆಡ್ ಕಡೆ ಹಲವು ಹೋಟೆಲುಗಳಲ್ಲಿ ವ್ಯಾಲೆಟ್ ಪಾರ್ಕಿಂಗ್, ಕೈಯಲ್ಲಿ ಸ್ವಲ್ಪ ಚಿಲ್ಲರೆ ನೋಟು ಇರಲಿ. ಭಾನುವಾರ ಚರ್ಚ್ ಬಿಟ್ಟ ಮೇಲೆ ದಕ್ಷಿಣದ ಊಟದ ಹೋಟೆಲುಗಳೆಲ್ಲ ತುಂಬಿರುತ್ತವೆ, ಹಿರಿಯರನ್ನು ಕರೆದುಕೊಂಡು ಹೋಗುವವರು ಹನ್ನೊಂದಕ್ಕೇ ಹೋಗಿಬಿಡಿ. ಇನ್ನು ವಿಳಾಸದಲ್ಲಿ ಪೀಚ್‌ಟ್ರೀ ಅಂತ ಕಂಡರೆ ಪೂರ್ತಿ ಓದಿ. ಸ್ಟ್ರೀಟ್, ರೋಡ್, ಇಂಡಸ್ಟ್ರಿಯಲ್, ವೆಸ್ಟ್ ಅಂತ ಆ ಹೆಸರಿನ ಬೀದಿಗಳು ಹತ್ತಾರಿವೆ. ತಪ್ಪು ಪೀಚ್‌ಟ್ರೀಗೆ ಹೋದರೆ ಸಂಜೆ ಟ್ರಾಫಿಕ್‌ನಲ್ಲಿ ವಾಪಸ್ ಬರುವಷ್ಟರಲ್ಲಿ ಬುಕ್ ಮಾಡಿದ ಮೇಜು ಬೇರೆಯವರಿಗೆ ಹೋಗಿರುತ್ತೆ.